ಕಾಡಿನ ಪಕ್ಕ ಲೇಔಟ್ ಬಂದ್ರೆ ವಾಕಿಂಗ್‌ಗೆ ಬೇರೆ ಜಾಗ ಕೊಡಲೇಬೇಕು: ಏನಿದು ಇಂಗ್ಲೆಂಡಿನ ‘ಸ್ಯಾಂಗ್’ ಲೆಕ್ಕ?

ಕಾಡಿನ ಅಂಚಿಗೆ ಹೊಸ ಲೇಔಟ್ ಬಂತು ಅಂದ್ರೆ ಜನ ಮೊದಲು ಕೇಳೋದು ‘ಎಷ್ಟು ಮರ ಕಡಿದ್ರು?’ ಅಂತ. ಒಂದೂ ಮರ ಕಡಿದಿಲ್ಲ, ಕಾಡಿನ ಒಂದು ಗುಂಟೆಯನ್ನೂ ಒತ್ತುವರಿ ಮಾಡಿಲ್ಲ ಅಂತಾದ್ರೆ ಮಾತು ಅಲ್ಲಿಗೆ ಮುಗೀತು. ಆದರೆ ಕಾಡಿನ ಬೇಲಿಯಾಚೆ ಇನ್ನೂರು ಮನೆ ಎದ್ದರೆ ಆ ಮನೆಯವರು ಬೆಳಗ್ಗೆ ವಾಕಿಂಗ್‌ಗೆ ಎಲ್ಲಿಗೆ ಹೋಗ್ತಾರೆ? ಸಾಕಿದ ನಾಯಿಯನ್ನು ಎಲ್ಲಿ ಓಡಾಡಿಸ್ತಾರೆ? ಭಾನುವಾರ ಮಕ್ಕಳು ಸೈಕಲ್ ತುಳಿಯೋದು ಎಲ್ಲಿ? ಉತ್ತರ ಎಲ್ಲರಿಗೂ ಗೊತ್ತಿರೋದೇ. ಪಕ್ಕದ ಕಾಡಿನಲ್ಲಿ.

ಹೀಗೆ ಬರುವವರಲ್ಲಿ ಯಾರೂ ಬೇಟೆಗಾರರಲ್ಲ, ಮರಗಳ್ಳರೂ ಅಲ್ಲ. ಒಬ್ಬೊಬ್ಬರಾಗಿ ನೋಡಿದರೆ ಯಾರ ತಪ್ಪೂ ಇಲ್ಲ. ಆದರೂ ಎಲ್ಲರ ಹೆಜ್ಜೆ ಸೇರಿದಾಗ ಕಾಡಿನ ಜೀವಗಳಿಗೆ ಕಷ್ಟ. ಈ ಸಮಸ್ಯೆಗೆ ಎಕರೆ, ಮೀಟರ್, ಪೌಂಡ್‌ಗಳಲ್ಲೇ ಲೆಕ್ಕ ಹಾಕಿ ದಾರಿ ಹುಡುಕಿದ ಜಾಗವೊಂದಿದೆ. ಲಂಡನ್ನಿನ ನೈರುತ್ಯಕ್ಕಿರುವ ಥೇಮ್ಸ್ ಬೇಸಿನ್ ಹೀತ್ಸ್. ಕಾಡಂಚಿನಲ್ಲಿ ಸೈಟ್ ವ್ಯಾಪಾರ ಜೋರಾಗಿರುವ ನಮ್ಮ ಕಡೆಯವರಿಗೂ ಅಲ್ಲಿನ ಲೆಕ್ಕ ಗೊತ್ತಿರೋದು ಒಳ್ಳೇದು.

ಎಲ್ಲಿದೆ ಈ ಜಾಗ? ಅಲ್ಲೇನಿದೆ?

ಸರ್ರೆ, ಹ್ಯಾಂಪ್‌ಶೈರ್, ಬರ್ಕ್‌ಶೈರ್ ಎಂಬ ಮೂರು ಕೌಂಟಿಗಳಲ್ಲಿ ತುಂಡು ತುಂಡಾಗಿ ಹರಡಿರುವ ಕುರುಚಲು ಬಯಲು ಇದು. ಒಟ್ಟು ಸುಮಾರು 8,200 ಹೆಕ್ಟೇರ್, ಅಂದ್ರೆ 20 ಸಾವಿರ ಎಕರೆಗೂ ಹೆಚ್ಚು. ದೊಡ್ಡ ಮರಗಳ ದಟ್ಟ ಕಾಡಲ್ಲ. ಮೊಣಕಾಲೆತ್ತರದ ಹೆದರ್ ಗಿಡ, ಹಳದಿ ಹೂವಿನ ಗೋರ್ಸ್ ಮುಳ್ಳುಪೊದೆ, ಮರಳು ನೆಲ, ಅಲ್ಲಲ್ಲಿ ಪೈನ್ ಮರ. ಇಂಥ ಬಯಲಿಗೆ ಅಲ್ಲಿನವರು ‘ಹೀತ್’ ಅಂತಾರೆ. ನೋಡಿದವರಿಗೆ ಪಾಳುಬಿದ್ದ ಜಮೀನಿನಂತೆ ಕಾಣುತ್ತದೆ. ಆದರೆ 1800ರಿಂದೀಚೆಗೆ ಬ್ರಿಟನ್ ತನ್ನ ಹೀತ್ ಬಯಲುಗಳಲ್ಲಿ ಶೇ. 80ಕ್ಕೂ ಹೆಚ್ಚು ಭಾಗವನ್ನು ಕಳೆದುಕೊಂಡಿದೆ. ಉಳಿದಿರೋದೇ ಅಷ್ಟಿಷ್ಟು.

ಇಲ್ಲಿ ಮುಖ್ಯವಾಗಿ ಕಾಪಾಡಬೇಕಿರುವುದು ಮೂರು ಹಕ್ಕಿಗಳನ್ನು. ಒಂದು, ನಮ್ಮ ಕಡೆ ಹೊಲದ ಬದುಗಳಲ್ಲಿ ರಾತ್ರಿ ಕೂಗುವ ನತ್ತಿಂಗದ ಯೂರೋಪಿನ ದಾಯಾದಿ. ಎರಡು, ನೆಲಗುಬ್ಬಿಯ ಬಳಗಕ್ಕೆ ಸೇರಿದ ವುಡ್‌ಲಾರ್ಕ್. ಮೂರು, ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ. ನತ್ತಿಂಗ ಗೂಡನ್ನೇ ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಎರಡು ಮೊಟ್ಟೆ ಇಡುತ್ತದೆ. ವುಡ್‌ಲಾರ್ಕ್ ಕೂಡ ನೆಲದಲ್ಲೇ ಗೂಡು ಮಾಡುತ್ತದೆ. ಉಲಿಯಕ್ಕಿಯ ಗೂಡು ಪೊದೆಯೊಳಗೆ, ನೆಲಕ್ಕೆ ಹತ್ತಿರ. ಮೂರೂ ಮನುಷ್ಯನ ಕಾಲಿಗೆ, ನಾಯಿಯ ಮೂತಿಗೆ ಸಿಗುವ ಎತ್ತರದಲ್ಲೇ ಸಂಸಾರ ಮಾಡುವಂಥವು. 2005ರ ಮಾರ್ಚ್‌ನಲ್ಲಿ ಈ ಹಕ್ಕಿಗಳಿಗಾಗಿಯೇ ಇಡೀ ಪ್ರದೇಶವನ್ನು ವಿಶೇಷ ಸಂರಕ್ಷಣಾ ಪ್ರದೇಶ ಎಂದು ಘೋಷಿಸಲಾಯಿತು.

ವಾಕಿಂಗ್ ಮಾಡಿದ್ರೆ ಹಕ್ಕಿಗೇನು ತೊಂದ್ರೆ?

ನಾಯಿಯೊಂದು ದಾರಿ ಬಿಟ್ಟು ಪೊದೆಗೆ ನುಗ್ಗಿದರೆ ಕಾವು ಕೂತ ಹಕ್ಕಿ ಹಾರಿಹೋಗುತ್ತದೆ. ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಕಾಗೆ ಕಣ್ಣಿಗೆ ಬೀಳುತ್ತದೆ. ಒಮ್ಮೆ ಆದರೆ ಹಕ್ಕಿ ವಾಪಸ್ ಬಂದು ಕೂರಬಹುದು. ದಿನಕ್ಕೆ ಹತ್ತು ಸಲ ಆದರೆ ಆ ಜಾಗವನ್ನೇ ಬಿಡುತ್ತದೆ. ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್‌ನಲ್ಲೂ ಇಂಥದೇ ಹೀತ್‌ಗಳಿವೆ. ಸುತ್ತ ಮನೆಗಳು ಹೆಚ್ಚಿರುವ ಹೀತ್‌ಗಳಲ್ಲಿ ನತ್ತಿಂಗಗಳ ಸಂಖ್ಯೆ ಕಡಿಮೆ ಎಂದು ಅಲ್ಲಿನ ಅಧ್ಯಯನಗಳು ಕಂಡುಕೊಂಡಿವೆ.

ನಾಯಿಯ ಹೇಸಿಗೆಯೂ ಸಣ್ಣ ವಿಷಯವಲ್ಲ. ಹೀತ್‌ನ ಗಿಡಗಳಿಗೆ ಸಾರವಿಲ್ಲದ ಮಣ್ಣೇ ಬೇಕು. ದಾರಿಯ ಎರಡೂ ಬದಿ ಗೊಬ್ಬರ ಬಿದ್ದಂತಾದರೆ ಹುಲ್ಲು ಎದ್ದು ಹೆದರ್ ಗಿಡ ಸಾಯುತ್ತದೆ. ಇನ್ನೊಂದು ಭಯ ಬೆಂಕಿಯದು. 2011ರ ಮೇ ತಿಂಗಳಲ್ಲಿ ಸ್ವಿನ್ಲಿ ಕಾಡಿಗೆ, 2020ರ ಆಗಸ್ಟ್‌ನಲ್ಲಿ ಚೋಬಮ್ ಕಾಮನ್‌ಗೆ ದೊಡ್ಡ ಬೆಂಕಿ ಬಿದ್ದಿತ್ತು. ಎರಡೂ ಈ ಪ್ರದೇಶದೊಳಗಿನ ಜಾಗಗಳೇ. ಜನರ ಓಡಾಟ ಹೆಚ್ಚಿದಷ್ಟೂ ಬೇಸಿಗೆಯಲ್ಲಿ ಒಂದು ಕಿಡಿ ಬೀಳುವ ಸಾಧ್ಯತೆಯೂ ಹೆಚ್ಚು.

ಇವೆಲ್ಲ ಒಂದು ಮನೆಯಿಂದ ಆಗುವುದಲ್ಲ. ಹತ್ತು ಮನೆ ಕಟ್ಟುವ ಬಿಲ್ಡರ್ ‘ನನ್ನ ಹತ್ತು ಮನೆಯಿಂದ ಏನಾಗುತ್ತೆ?’ ಅಂತ ಕೇಳಿದರೆ ಅವನ ಮಾತು ನಿಜವೇ. ಪಕ್ಕದವನೂ ಅದನ್ನೇ ಹೇಳ್ತಾನೆ, ಅವನ ಪಕ್ಕದವನೂ ಅದನ್ನೇ. ಆದರೆ ಅಲ್ಲಿನ ಕಾನೂನು ಎಲ್ಲ ಮನೆಗಳನ್ನೂ ಒಟ್ಟುಗೂಡಿಸಿ ನೋಡು ಅನ್ನುತ್ತದೆ. ಯೂರೋಪಿನ 1992ರ ಆವಾಸಸ್ಥಾನ ನಿರ್ದೇಶನದಿಂದ ಬಂದ ಈ ನಿಯಮದ ಪ್ರಕಾರ, ಒಂದು ಯೋಜನೆಯನ್ನು ಅದರ ಸುತ್ತಲಿನ ಉಳಿದ ಯೋಜನೆಗಳ ಜತೆ ಸೇರಿಸಿಯೇ ತೂಗಬೇಕು. ಹಾನಿ ಆಗೋದಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಪರವಾನಗಿ.

ಈ ಕಾರಣಕ್ಕೆ 2005ರ ನಂತರ ಅಲ್ಲಿ ಹೊಸ ಮನೆಗಳಿಗೆ ಸರ್ಕಾರದ ಪ್ರಕೃತಿ ಸಲಹಾ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್ ಮತ್ತು ಅದರ ಹಿಂದಿನ ಸಂಸ್ಥೆಯಿಂದ ಆಕ್ಷೇಪ ಬರತೊಡಗಿತು. ಲಂಡನ್ನಿಗೆ ರೈಲಿನಲ್ಲಿ ಓಡಾಡುವ ಜನರ ಊರುಗಳವು. ವೋಕಿಂಗ್, ಕ್ಯಾಂಬರ್ಲಿ, ಫ್ಲೀಟ್, ಬ್ರ್ಯಾಕ್‌ನೆಲ್ ಎಲ್ಲ ಕಡೆ ಮನೆಗಳಿಗೆ ವಿಪರೀತ ಬೇಡಿಕೆ. ಒಂದು ಕಡೆ ಮನೆ ಬೇಕು, ಇನ್ನೊಂದು ಕಡೆ ಹಕ್ಕಿ ಉಳೀಬೇಕು. ಈ ಜಗ್ಗಾಟಕ್ಕೆ 2009ರಲ್ಲಿ ಕೌನ್ಸಿಲ್‌ಗಳೆಲ್ಲ ಸೇರಿ ಒಂದೇ ಸೂತ್ರ ಒಪ್ಪಿಕೊಂಡವು. ಕೌನ್ಸಿಲ್ ಅಂದ್ರೆ ನಮ್ಮ ನಗರಸಭೆ, ಪುರಸಭೆಗಳಂಥ ಸ್ಥಳೀಯ ಸಂಸ್ಥೆ. ಮನೆ ಕಟ್ಟಲು ಪರವಾನಗಿ ಕೊಡುವುದೂ ಅದೇ.

ಸೂತ್ರ ಏನು? ಮೂರು ಗೆರೆ

ಮೊದಲ ಗೆರೆ 400 ಮೀಟರ್. ಸಂರಕ್ಷಿತ ಹೀತ್‌ನಿಂದ ಅಷ್ಟು ದೂರದೊಳಗೆ ಹೊಸ ಮನೆ ಹೆಚ್ಚಿಸುವಂತಿಲ್ಲ. ಹಳೆ ಮನೆ ಕೆಡವಿ ಅಲ್ಲೇ ಒಂದು ಮನೆ ಕಟ್ಟಬಹುದು, ಎರಡು ಕಟ್ಟುವ ಹಾಗಿಲ್ಲ. ಅಷ್ಟು ಹತ್ತಿರದಲ್ಲಿದ್ದವರು ನಡೆದೇ ಹೀತ್‌ಗೆ ಬಂದುಬಿಡ್ತಾರೆ, ಅವರನ್ನು ಬೇರೆ ಕಡೆ ತಿರುಗಿಸಲು ಆಗೋದಿಲ್ಲ. ಸಾಕಿದ ಬೆಕ್ಕುಗಳೂ ಅಷ್ಟು ದೂರ ಸುತ್ತುತ್ತವೆ. ಬೆಕ್ಕಿಗೆ ಯಾವ ಬೋರ್ಡ್ ಹಾಕಿದ್ರೂ ಪ್ರಯೋಜನವಿಲ್ಲವಲ್ಲ.

ಎರಡನೇ ಗೆರೆ 5 ಕಿಲೋಮೀಟರ್. 400 ಮೀಟರ್ ದಾಟಿ 5 ಕಿ.ಮೀ. ಒಳಗೆ ಮನೆ ಕಟ್ಟಬಹುದು, ಆದರೆ ಎರಡು ಷರತ್ತು. ಬದಲಿ ಬಯಲು ಕೊಡಬೇಕು ಮತ್ತು ಹೀತ್‌ನ ಕಾವಲಿಗೆ ಹಣ ಕಟ್ಟಬೇಕು. ಹೀತ್‌ಗೆ ಬರುವವರಲ್ಲಿ ಬಹುಪಾಲು ಜನ ಕಾರಿನಲ್ಲಿ ಬರ್ತಾರೆ, ಹೆಚ್ಚಿನವರು ಈ ಅಂತರದೊಳಗಿನವರು, ದೊಡ್ಡ ಪಾಲು ನಾಯಿ ಓಡಾಡಿಸುವವರು ಅಂತ ಸಮೀಕ್ಷೆಯಲ್ಲಿ ಗೊತ್ತಾಗಿತ್ತು. 5 ಕಿ.ಮೀ. ಗೆರೆ ಬಂದಿದ್ದು ಹಾಗೆ.

ಮೂರನೇ ಗೆರೆ 7 ಕಿಲೋಮೀಟರ್. 5ರಿಂದ 7 ಕಿ.ಮೀ. ನಡುವೆ 50ಕ್ಕಿಂತ ಹೆಚ್ಚು ಮನೆಗಳ ದೊಡ್ಡ ಯೋಜನೆ ಬಂದರೆ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸ್ತಾರೆ.

ಅಂಗಡಿ ಮಾಲೀಕರು ಗಮನಿಸಬೇಕಾದ ವಿಷಯ ಒಂದಿದೆ. ಈ ಲೆಕ್ಕ ದೊಡ್ಡ ಬಿಲ್ಡರ್‌ಗಳಿಗೆ ಮಾತ್ರ ಅಲ್ಲ. ಅಂಗಡಿ ಮೇಲೆ ಒಂದೇ ಒಂದು ಮನೆ ಕಟ್ಟಿದರೂ, ಹಳೇ ಆಫೀಸನ್ನು ಫ್ಲ್ಯಾಟ್ ಮಾಡಿದರೂ ಅದು ಹೊಸ ಮನೆಯೇ. ಅದಕ್ಕೂ ಪಾಲು ಕಟ್ಟಲೇಬೇಕು.

ಬದಲಿ ಬಯಲು ಅಂದ್ರೆ ಪಾರ್ಕಾ?

ಅಲ್ಲ. ‘ಸ್ಯಾಂಗ್’ ಅಂತ ಚಿಕ್ಕದಾಗಿ ಕರೆಯುವ ಈ ಜಾಗದ ಪೂರ್ತಿ ಅರ್ಥ ‘ತಕ್ಕ ಬದಲಿ ನೈಸರ್ಗಿಕ ಹಸಿರು ತಾಣ’. ಉದ್ದೇಶ ಒಂದೇ. ಹೀತ್‌ಗೆ ಹೋಗಬೇಕಿದ್ದ ಮನುಷ್ಯ ‘ಅಲ್ಲಿಗಿಂತ ಇಲ್ಲೇ ಚೆನ್ನಾಗಿದೆ’ ಅಂತ ತಾನಾಗಿಯೇ ಇಲ್ಲಿಗೆ ಬರಬೇಕು. ಹೀತ್‌ನ ಗೇಟಿಗೆ ಬೀಗ ಹಾಕುವುದಿಲ್ಲ. ಅಲ್ಲಿ ಸಾರ್ವಜನಿಕರು ತಲೆತಲಾಂತರದಿಂದ ಓಡಾಡುವ ಬಯಲುಗಳೇ ಹೆಚ್ಚು, ಬೀಗ ಹಾಕಲು ಆಗುವುದೂ ಇಲ್ಲ.

ಬೆಂಚು, ಜಾರುಬಂಡೆ, ಕಾಂಪೌಂಡ್ ಇರುವ ಪಾರ್ಕ್ ತೋರಿಸಿದರೆ ಯಾರೂ ನಾಯಿ ಕರ್ಕೊಂಡು ಒಂದು ಗಂಟೆ ನಡೆಯೋಕೆ ಬರೋದಿಲ್ಲ. ಅದಕ್ಕೇ ಸ್ಯಾಂಗ್‌ಗೆ ಕಟ್ಟುನಿಟ್ಟಿನ ಪಟ್ಟಿಯೇ ಇದೆ. ಹೊರಟ ಜಾಗಕ್ಕೇ ಬಂದು ಸೇರುವ 2.3ರಿಂದ 2.5 ಕಿ.ಮೀ. ಸುತ್ತು ದಾರಿ ಬೇಕು. ನಾಯಿಯನ್ನು ಹಗ್ಗ ಬಿಚ್ಚಿ ಓಡಾಡಿಸಲು ಅವಕಾಶ ಇರಬೇಕು. ದೊಡ್ಡ ತಾಣವಾದರೆ ಕಾರ್ ನಿಲ್ಲಿಸುವ ಜಾಗ ಬೇಕೇ ಬೇಕು. ಒಂಟಿ ಹೆಣ್ಣುಮಗಳು ನಡೆದರೂ ಭಯ ಅನ್ನಿಸಬಾರದು, ಹಾಗಾಗಿ ದಾರಿಗೆ ಪೊದೆ ಮುಚ್ಚಿಕೊಂಡಿರಬಾರದು. ಕೊಳಚೆ ಘಟಕದ ವಾಸನೆ ಬರುವ ಜಾಗ ಆಗೋದಿಲ್ಲ. ನೋಡೋಕೆ ಊರಿನ ಪಾರ್ಕ್ ಥರ ಇರದೆ ಬಯಲಿನ ಥರವೇ ಇರಬೇಕು.

ಅಳತೆಯೂ ನಿಗದಿಯಾಗಿದೆ. ಹೊಸದಾಗಿ ಬರುವ ಪ್ರತಿ 1,000 ಜನಕ್ಕೆ 8 ಹೆಕ್ಟೇರ್, ಅಂದ್ರೆ ಸುಮಾರು 20 ಎಕರೆ. ತಲೆಗೆ 80 ಚದರ ಮೀಟರ್. ಒಂದು ಮನೆಗೆ ಸರಾಸರಿ 2.4 ಜನ ಅಂತ ಹಿಡಿದರೆ ಮನೆಗೆ 192 ಚದರ ಮೀಟರ್, ಅಡಿ ಲೆಕ್ಕದಲ್ಲಿ 2,000ಕ್ಕೂ ಸ್ವಲ್ಪ ಹೆಚ್ಚು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ಹೊಸ ಮನೆಗೂ ಒಂದೂವರೆಗಿಂತ ಹೆಚ್ಚು ಮೂವತ್ತು-ನಲವತ್ತು ಸೈಟಿನಷ್ಟು ಬಯಲನ್ನು ಬೇರೆ ಕಡೆ ಬಿಡಬೇಕು. ನೂರು ಮನೆಯ ಲೇಔಟ್‌ಗೆ ಹತ್ತತ್ರ ಐದು ಎಕರೆ.

ಇದರಲ್ಲಿ ಕಳ್ಳಲೆಕ್ಕ ಹಾಕದಂತೆ ಎರಡು ಬಿಗಿ ಇದೆ. ಆಗಲೇ ಜನ ಓಡಾಡುತ್ತಿರುವ ಬಯಲನ್ನೇ ತೋರಿಸಿ ‘ಇದೇ ಸ್ಯಾಂಗ್’ ಅಂದರೆ ಈಗಿರುವ ಬಳಕೆಯನ್ನು ಕಳೆದು ಉಳಿದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇನ್ನೊಂದು, ಮನೆಗೆ ಜನ ಬರುವ ಮೊದಲೇ ಬಯಲು ಸಿದ್ಧವಾಗಿರಬೇಕು. ಹೊಸ ಮನೆಯವರು ಒಮ್ಮೆ ಹೀತ್‌ಗೆ ಹೋಗುವುದನ್ನು ರೂಢಿ ಮಾಡಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ.

ಸ್ಯಾಂಗ್ ಎಷ್ಟು ದೂರದ ಮನೆಗಳಿಗೆ ಲೆಕ್ಕಕ್ಕೆ ಬರುತ್ತದೆ ಅನ್ನೋದೂ ಅದರ ವಿಸ್ತೀರ್ಣದ ಮೇಲೆ. 2ರಿಂದ 12 ಹೆಕ್ಟೇರ್ ಇದ್ದರೆ 2 ಕಿ.ಮೀ., 12ರಿಂದ 20 ಇದ್ದರೆ 4 ಕಿ.ಮೀ., ಅದಕ್ಕಿಂತ ದೊಡ್ಡದಾದರೆ 5 ಕಿ.ಮೀ. ಸಣ್ಣ ಬಯಲಿಗೆ ದೂರದವರು ಬರೋದಿಲ್ಲ, ಅಷ್ಟೇ.

ಉದಾಹರಣೆಗೆ ವೋಕಿಂಗ್ ಪಕ್ಕದ ಹೆದರ್ ಫಾರ್ಮ್. ಮೊದಲು ಅಣಬೆ ಬೆಳೆಯುತ್ತಿದ್ದ ಫಾರ್ಮ್ ಅದು. ಈಗ ಸ್ಯಾಂಗ್. ಕಟ್ಟಡಗಳಿದ್ದ ಕಡೆ ಜೌಗು, ನೀರು, ನಡೆಯುವ ದಾರಿ, ಒಂದು ಕೆಫೆ. ಪಕ್ಕದಲ್ಲೇ ಸಂರಕ್ಷಿತ ಹಾರ್ಸೆಲ್ ಕಾಮನ್ ಇದೆ. ಫ್ಲೀಟ್ ಹತ್ತಿರದ ಎಡನ್‌ಬ್ರೂಕ್ ಕೂಡ ಹೊಸ ಬಡಾವಣೆಯ ಜತೆಗೇ ಬಂದ ಇಂಥದೇ ತಾಣ.

ದುಡ್ಡು ಯಾರದು?

ಬಿಲ್ಡರ್‌ದು. ದೊಡ್ಡ ಬಿಲ್ಡರ್ ತನ್ನದೇ ಜಮೀನಿನಲ್ಲಿ ಸ್ಯಾಂಗ್ ಮಾಡಿ, ಸಾಮಾನ್ಯವಾಗಿ ಕನಿಷ್ಠ 80 ವರ್ಷದ ನಿರ್ವಹಣೆಗೆ ಹಣ ತೆಗೆದಿಡಬೇಕು. ಗಿಡ ಕತ್ತರಿಸೋದು, ದಾರಿ ರಿಪೇರಿ, ಕಸದ ಬುಟ್ಟಿ ಎಲ್ಲ ಅದರಲ್ಲೇ. ಒಂದೆರಡು ಮನೆ ಕಟ್ಟುವವರಿಗೆ ಜಮೀನು ಬಿಡುವ ಮಾತೇ ಇಲ್ಲ. ಅವರು ಕೌನ್ಸಿಲ್ ಮಾಡಿಟ್ಟ ಸ್ಯಾಂಗ್‌ನಲ್ಲಿ ತಮ್ಮ ಪಾಲಿನ ಹಣ ಕಟ್ಟುತ್ತಾರೆ. ಮನೆಯಲ್ಲಿ ಎಷ್ಟು ಬೆಡ್‌ರೂಮ್ ಅನ್ನೋದರ ಮೇಲೆ ಮೊತ್ತ ಏರುತ್ತದೆ, ಕೆಲವು ಸಾವಿರ ಪೌಂಡ್ ತನಕ ಹೋಗುತ್ತದೆ.

ಇದರ ಜತೆಗೆ ‘ಸ್ಯಾಮ್’ ಎಂಬ ಇನ್ನೊಂದು ಶುಲ್ಕ. ಶುರುವಿನಲ್ಲಿ ಮನೆಯೊಂದಕ್ಕೆ ಸರಾಸರಿ 630 ಪೌಂಡ್ ಇತ್ತು, ಆಮೇಲೆ ಏರಿದೆ. ಈ ಹಣ ಹೀತ್‌ನ ಮೇಲೇ ಖರ್ಚಾಗುತ್ತದೆ. ವಾರ್ಡನ್‌ಗಳು ಬಯಲಲ್ಲಿ ಓಡಾಡಿ, ಹಕ್ಕಿ ಮೊಟ್ಟೆಯಿಡುವ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ಬಿಟ್ಟು ಹೋಗಬೇಡಿ, ನಾಯಿ ಹತ್ತಿರ ಇಟ್ಟುಕೊಳ್ಳಿ ಅಂತ ಜನರಿಗೆ ತಿಳಿಹೇಳ್ತಾರೆ. ಎಷ್ಟು ಜನ ಬಂದ್ರು, ಎಷ್ಟು ಹಕ್ಕಿ ಇದೆ ಅನ್ನೋ ಎಣಿಕೆಗೂ ಇದೇ ಹಣ. ಬಿಲ್ಡರ್ ಕೊಟ್ಟ ಹಣ ಕೊನೆಗೆ ಮನೆ ಬೆಲೆಯಲ್ಲೋ ಜಮೀನಿನ ಬೆಲೆಯಲ್ಲೋ ಸೇರುತ್ತದೆ ಅನ್ನೋದು ಬೇರೆ ಮಾತು.

ಜಗಳ ಇಲ್ಲವೇ?

ಬೇಕಾದಷ್ಟಿದೆ. ಹಾರ್ಟ್ ಜಿಲ್ಲೆಯ ಡಿಲ್ಲಿ ಲೇನ್ ಎಂಬಲ್ಲಿ 170 ಮನೆಗಳ ಯೋಜನೆ 2008ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತ್ತು. ಬಿಲ್ಡರ್ ಬದಲಿ ಬಯಲು ಕೊಡುತ್ತಿರುವುದನ್ನು ಮೊದಲ ಹಂತದ ಪರಿಶೀಲನೆಯಲ್ಲೇ ಲೆಕ್ಕಕ್ಕೆ ಹಿಡಿಯಬಹುದು ಎಂದು ಕೋರ್ಟ್ ಹೇಳಿತು. ಹತ್ತು ವರ್ಷದ ನಂತರ, 2018ರಲ್ಲಿ, ಐರ್ಲೆಂಡಿನ ಒಂದು ಪ್ರಕರಣದಲ್ಲಿ ಯೂರೋಪಿನ ನ್ಯಾಯಾಲಯ ಅದಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತು. ಪರಿಹಾರ ಕೊಡ್ತೀನಿ ಅಂದ ಮಾತ್ರಕ್ಕೆ ಪೂರ್ಣ ಪರಿಶೀಲನೆ ತಪ್ಪಿಸಿಕೊಳ್ಳುವಂತಿಲ್ಲ, ಪರಿಹಾರ ಸಾಕಾಗುತ್ತದೋ ಇಲ್ಲವೋ ಅಂತ ಸರಿಯಾಗಿ ಪರೀಕ್ಷಿಸಲೇಬೇಕು ಎಂಬುದು ಅದರ ಸಾರ.

‘ಹಣ ಕಟ್ಟು, ಮನೆ ಕಟ್ಟು’ ಅನ್ನೋ ಹಾಗಾಗಿದೆ ಎಂಬುದು ಪರಿಸರದವರ ದೂರು. ಬದಲಿ ಬಯಲು ಎಷ್ಟೇ ಚೆನ್ನಾಗಿದ್ದರೂ ಕೆಲವರು ಹೀತ್‌ಗೇ ಹೋಗ್ತಾರೆ ಅನ್ನೋದೂ ನಿಜ. ಫಲಿತಾಂಶ ಅಳೆಯುವುದೂ ಸುಲಭವಲ್ಲ. ಉಲಿಯಕ್ಕಿ ಚಳಿಗೆ ಬೇಗ ಸಾಯುವ ಹಕ್ಕಿ. 1962-63ರ ಕಡುಚಳಿಯ ನಂತರ ಇಡೀ ಬ್ರಿಟನ್‌ನಲ್ಲಿ ಹತ್ತು-ಹನ್ನೊಂದು ಜೋಡಿ ಮಾತ್ರ ಉಳಿದಿದ್ದವು. ಸಂಖ್ಯೆ ಇಳಿದರೆ ಅದು ಚಳಿಯಿಂದಲೋ ಜನರಿಂದಲೋ ಎಂದು ಬಿಡಿಸಿ ಹೇಳಲು ವರ್ಷಗಟ್ಟಲೆ ಎಣಿಸಬೇಕು.

ಬಿಲ್ಡರ್‌ಗಳ ದೂರು ಬೇರೆ. ಸ್ಯಾಂಗ್ ಸಿಗದಿದ್ದರೆ ಪರವಾನಗಿಯೇ ನಿಲ್ಲುತ್ತದೆ. ಚಿಲ್ಟರ್ನ್ಸ್ ಬೀಚ್ ಕಾಡುಗಳ ಸುತ್ತ 2022ರ ಮಾರ್ಚ್‌ನಲ್ಲಿ ಹೀಗೇ ಆಯಿತು. ಅಲ್ಲಿ ಪ್ರಭಾವದ ಗೆರೆ 12.6 ಕಿ.ಮೀ. ಎಂದು ಗುರುತಿಸಿದ ಕೂಡಲೇ ಡಕೋರಮ್ ಕೌನ್ಸಿಲ್‌ನಲ್ಲಿ ಹೊಸ ಮನೆಗಳ ಅನುಮತಿ ತಡೆಹಿಡಿಯಬೇಕಾಯಿತು. ಆದರೂ ಈ ಪದ್ಧತಿ ಹರಡುತ್ತಲೇ ಇದೆ. ದಕ್ಷಿಣದ ಸೋಲೆಂಟ್ ಕರಾವಳಿಯಲ್ಲಿ ಚಳಿಗಾಲದ ವಲಸೆ ಹಕ್ಕಿಗಳಿಗಾಗಿ 5.6 ಕಿ.ಮೀ. ಒಳಗಿನ ಪ್ರತಿ ಹೊಸ ಮನೆಯಿಂದಲೂ ಶುಲ್ಕ ಪಡೆಯಲಾಗುತ್ತದೆ.

ನಮ್ಮ ಕಡೆ ಏನಿದೆ?

ನಮ್ಮಲ್ಲಿ ಗೊತ್ತಿರುವ ಪದ್ಧತಿ ‘ಪರಿಹಾರಾತ್ಮಕ ಅರಣ್ಯೀಕರಣ’. ರಸ್ತೆಗೋ ಗಣಿಗೋ ಕಾಡಿನ ಭೂಮಿ ಕೊಟ್ಟರೆ ಬೇರೆ ಕಡೆ ಗಿಡ ನೆಡಬೇಕು. ಅದು ಕಾಡು ಹೋದ ಮೇಲಿನ ಪರಿಹಾರ. ಸ್ಯಾಂಗ್ ಲೆಕ್ಕ ಹಾಗಲ್ಲ. ಅಲ್ಲಿ ಕಾಡು ಇದ್ದಲ್ಲೇ ಇರುತ್ತದೆ, ಬದಲಿ ಕೊಡೋದು ಮನುಷ್ಯನ ಓಡಾಟಕ್ಕೆ.

ಇದಕ್ಕೆ ಹತ್ತಿರದ್ದು ಅಂದ್ರೆ ಪರಿಸರ ಸೂಕ್ಷ್ಮ ವಲಯ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದ ಈ ವಲಯ 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಅಗಲ ಕೆಲವೆಡೆ ಬರೀ 100 ಮೀಟರ್, ಹೆಚ್ಚೆಂದರೆ 1 ಕಿ.ಮೀ. ಇಂಥ ವಲಯದಲ್ಲಿ ಗಣಿ, ಕ್ರಷರ್, ಹೋಟೆಲ್, ರೆಸಾರ್ಟ್‌ಗಳಿಗೆ ನಿಷೇಧ ಅಥವಾ ನಿರ್ಬಂಧ ಇದೆ. ಆದರೆ ಒಂದು ಮನೆಗೆ ಇಷ್ಟು ಬದಲಿ ಬಯಲು ಅನ್ನೋ ಲೆಕ್ಕ ಇಲ್ಲ. ವಲಯದ ಗೆರೆ ದಾಟಿದ ಮೇಲೆ ಎಷ್ಟು ಮನೆ ಬಂದರೂ ಅವುಗಳ ಓಡಾಟವನ್ನು ಕಾಡಿನ ಲೆಕ್ಕಕ್ಕೆ ಹಿಡಿಯುವವರಿಲ್ಲ.

2021ರ ಫೆಬ್ರವರಿಯಲ್ಲಿ ಬೆಂಗಳೂರು ದಕ್ಷಿಣದ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ನಿವಾಸಿಗಳೇ ಬೀದಿಗಿಳಿದು ವಿರೋಧಿಸಿದ್ದರು. ಕಾಡು ಕಾಡಾಗಿಯೇ ಇರಲಿ ಅನ್ನೋದು ಅವರ ಬೇಡಿಕೆ. ಥೇಮ್ಸ್ ಬೇಸಿನ್ ಸೂತ್ರದ ತಿರುಳೂ ಅದೇ. ಜನಕ್ಕೆ ಪಾರ್ಕ್ ಬೇಕು ನಿಜ, ಆದರೆ ಕಾಡಿನೊಳಗೆ ಬೇಡ, ಲೇಔಟ್‌ನ ಕಡೆಗೆ ಮಾಡಿ. ಅದರ ಖರ್ಚು ಲೇಔಟ್ ಮಾಡುವವರೇ ಕೊಡಲಿ.

ಜನ ಎಲ್ಲಿ ಕೇಳಬಹುದು?

ಸೂಕ್ಷ್ಮ ವಲಯದ ಕರಡು ಅಧಿಸೂಚನೆ ಹೊರಬಿದ್ದ ಮೇಲೆ 60 ದಿನ ಸಾರ್ವಜನಿಕರ ಆಕ್ಷೇಪಣೆಗೆ ಅವಕಾಶ ಇರುತ್ತದೆ. ಅಂತಿಮ ಅಧಿಸೂಚನೆಯ ನಂತರ ಎರಡು ವರ್ಷದೊಳಗೆ ರಾಜ್ಯ ಸರ್ಕಾರ ‘ವಲಯ ಮಹಾಯೋಜನೆ’ ಮಾಡಬೇಕು. ಅದನ್ನು ಸ್ಥಳೀಯರ ಜತೆ ಚರ್ಚಿಸಿಯೇ ಮಾಡಬೇಕು ಮತ್ತು ಅದರ ನಕ್ಷೆಯಲ್ಲಿ ಊರು, ಕೆರೆ, ಕಾಡಿನ ಜತೆಗೆ ಪಾರ್ಕ್‌ನಂಥ ಹಸಿರು ಜಾಗಗಳನ್ನೂ ಗುರುತಿಸಬೇಕು ಎಂದು ಅಧಿಸೂಚನೆಯಲ್ಲೇ ಬರೆದಿರುತ್ತದೆ. ಬದಲಿ ಬಯಲಿನ ಮಾತು ಎತ್ತಲು ಇದು ಸರಿಯಾದ ಜಾಗ.

ಗ್ರಾಮ ಪಂಚಾಯಿತಿಗೋ ಯೋಜನಾ ಪ್ರಾಧಿಕಾರಕ್ಕೋ ಕಾಡಂಚಿನ ಲೇಔಟ್‌ನ ಅರ್ಜಿ ಬಂದಾಗ ಕೇಳಬೇಕಾದ್ದು ಇಷ್ಟು. ಒಟ್ಟು ಎಷ್ಟು ಮನೆ, ಎಷ್ಟು ಜನ? ಸುತ್ತ ಐದು ಕಿ.ಮೀ. ಒಳಗೆ ಮಂಜೂರಾದ ಉಳಿದ ಲೇಔಟ್‌ಗಳನ್ನೂ ಸೇರಿಸಿದರೆ ಎಷ್ಟಾಗುತ್ತದೆ? ನಕ್ಷೆಯಲ್ಲಿ ಪಾರ್ಕ್ ಅಂತ ತೋರಿಸಿದ ಜಾಗದಲ್ಲಿ ಅರ್ಧ ಗಂಟೆ ನಡೆಯೋಕಾಗುತ್ತದಾ, ಅಥವಾ ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆ ತುಂಡಾ? ಮೊದಲ ಮನೆಯ ಗೃಹಪ್ರವೇಶಕ್ಕೆ ಮುಂಚೆ ಅದು ಸಿದ್ಧವಾಗುತ್ತದಾ? ಲೇಔಟ್ ಮಾರಿ ಡೆವಲಪರ್ ಹೋದ ಮೇಲೆ ಅದನ್ನು ನೋಡಿಕೊಳ್ಳುವ ಹಣ ಯಾರ ಖಾತೆಯಲ್ಲಿರುತ್ತದೆ?